ಎದುರುತ್ತರದ ಶಾಸ್ತ್ರ

“ಎದುರುತ್ತರ ಕೊಡ್ತೀಯೇನ್ಲಾ?”

ಈ ಮಾತು ಕೇಳದೆ ಬೆಳೆದವರು ನಮ್ಮ ಕೇರಿಗಳಲ್ಲಿ ಸಿಗುವುದು ಕಷ್ಟ. ಕೂಲಿಯ ಲೆಕ್ಕ ತಪ್ಪಿದೆ ಎಂದವನಿಗೆ, ಹೋಟೆಲಿನಲ್ಲಿ ನಮಗೆ ಬೇರೆ ಲೋಟ ಯಾಕೆ ಎಂದವನಿಗೆ, ಪಾಠ ಅರ್ಥವಾಗಲಿಲ್ಲ ಎಂದು ಎದ್ದು ನಿಂತ ಹುಡುಗಿಗೆ, ಎಲ್ಲರಿಗೂ ಸಿಕ್ಕ ಉತ್ತರ ಇದೊಂದೇ. ಪ್ರತಿವಾದಕ್ಕೆ ಕನ್ನಡದಲ್ಲಿರುವ ಅತ್ಯಂತ ಸಹಜವಾದ ಮಾತು ‘ಎದುರುತ್ತರ’. ಆದರೆ ಊರಿನಲ್ಲಿ ಅದೊಂದು ಅಪರಾಧದ ಹೆಸರು. ಹಳೇ ಮೈಸೂರಿನ ಕಡೆ ನಮ್ಮ ಹಿರಿಯರು ಒಡೆಯನನ್ನು ‘ಬುದ್ಧಿ’ ಎಂದೇ ಕರೆದರು. ಬುದ್ಧಿ ಅವನದು, ಮೈ ನಮ್ಮದು ಎಂದು ಭಾಷೆಯೇ ಪಾಲು ಹಂಚಿಬಿಟ್ಟಿತ್ತು.

ಇಂಥ ಕಡೆಯಿಂದ ಬಂದ ನಾವು ವಾದದ ಶಾಸ್ತ್ರವನ್ನು ಓದಹೊರಟರೆ ಏನಾಗುತ್ತದೆ? ವಾದವನ್ನೇ ಅಭ್ಯಾಸ ಮಾಡುವ ಸಭೆಗಳು ಪ್ರಪಂಚದಲ್ಲಿವೆ, ಪೀಠಗಳಿವೆ, ಪತ್ರಿಕೆಗಳಿವೆ. ಅವುಗಳ ಬಾಗಿಲು ಎಲ್ಲಿದೆ, ಒಳಗೆ ನಡೆಯುವುದೇನು, ಅದರಿಂದ ನಮಗಾಗಬೇಕಾದ್ದೇನು ಎಂದು ನೋಡುವುದು ಈ ಬರಹದ ಉದ್ದೇಶ. “ಹೊಟ್ಟೆಗಿಲ್ಲದವರಿಗೆ ತರ್ಕ ಯಾಕಪ್ಪಾ” ಎಂದು ನಮ್ಮ ಸಂಗಾತಿಗಳೇ ಕೇಳಿಯಾರು. ಹೊಟ್ಟೆಗೆ ಯಾಕಿಲ್ಲ ಎಂದು ಕೇಳಲಿಕ್ಕೇ ತರ್ಕ ಬೇಕು ಎಂಬುದು ನಮ್ಮ ತಿಳುವಳಿಕೆ.

ಮೊದಲು ಈ ನೆಲದ ಶಾಸ್ತ್ರವನ್ನೇ ನೋಡೋಣ. ನ್ಯಾಯದರ್ಶನದಲ್ಲಿ ಅನುಮಾನವನ್ನು ಇನ್ನೊಬ್ಬರಿಗೆ ಒಪ್ಪಿಸಲು ಐದು ಅಂಗಗಳಿವೆ: ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ. ಬೆಟ್ಟದಲ್ಲಿ ಬೆಂಕಿಯಿದೆ, ಯಾಕೆಂದರೆ ಹೊಗೆ ಕಾಣುತ್ತಿದೆ, ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ, ಅಡುಗೆಮನೆಯಲ್ಲಿದ್ದ ಹಾಗೆ, ಈ ಬೆಟ್ಟದಲ್ಲೂ ಅಂಥದೇ ಹೊಗೆಯಿದೆ, ಆದ್ದರಿಂದ ಬೆಂಕಿಯಿದೆ. ಬೆಂಕಿಯಿಲ್ಲದ ಕಡೆ ಹೊಗೆಯೂ ಇಲ್ಲ ಎಂಬುದಕ್ಕೆ ಕೊಡುವ ಉದಾಹರಣೆ ಕೆರೆ. ಶಾಸ್ತ್ರದಲ್ಲಿ ‘ಅನುಮಾನ’ವೆಂದರೆ ಕಂಡದ್ದರಿಂದ ಕಾಣದ್ದನ್ನು ತಿಳಿಯುವ ದಾರಿ. ಊರಿನಲ್ಲಿ ‘ಅನುಮಾನ’ವೆಂದರೆ ಏನಾದರೂ ಕಳುವಾದಾಗ ಮೊದಲು ಕೇರಿಯ ಕಡೆ ತಿರುಗುವ ಕಣ್ಣು. ಇಷ್ಟು ದೂರವಿದೆ ಶಾಸ್ತ್ರಕ್ಕೂ ನಮಗೂ.

ಅಡುಗೆಮನೆ ಮತ್ತು ಕೆರೆ. ಎಷ್ಟು ಸರಳ! ಆದರೆ ಯಾರ ಅಡುಗೆಮನೆ ಸ್ವಾಮಿ? ಯಾವ ಕೆರೆ? ನ್ಯಾಯಸೂತ್ರವೇ ದೃಷ್ಟಾಂತಕ್ಕೆ ಒಂದು ಲಕ್ಷಣ ಹೇಳಿದೆ: ಲೋಕದ ಸಾಮಾನ್ಯನಿಗೂ ಪರೀಕ್ಷಕನಾದ ಪಂಡಿತನಿಗೂ ಯಾವುದರ ಬಗ್ಗೆ ಒಂದೇ ತಿಳುವಳಿಕೆಯಿದೆಯೋ ಅದೇ ದೃಷ್ಟಾಂತ. ತುಂಬ ಒಳ್ಳೆಯ ಲಕ್ಷಣ. ವಾದ ನಡೆಯಬೇಕಾದರೆ ಇಬ್ಬರೂ ಕಾಲಿಡಬಲ್ಲ ಒಂದು ತುಂಡು ನೆಲ ಬೇಕು ಎಂದು ಅದರ ಅರ್ಥ. ಪಂಡಿತನೂ ಕೇರಿಯವನೂ ಜೊತೆಗೆ ನಿಂತು ನೋಡಬಲ್ಲ ಅಡುಗೆಮನೆ ಈ ದೇಶದಲ್ಲಿ ಎಲ್ಲಿತ್ತು? ಇನ್ನು ಕೆರೆ. ಕೆರೆಯಲ್ಲಿ ಬೆಂಕಿಯಿಲ್ಲ ಎನ್ನುತ್ತದೆ ಶಾಸ್ತ್ರ. 1927ರ ಮಾರ್ಚ್ 20ರಂದು ಮಹಾಡಿನ ಚವದಾರ್ ಕೆರೆಯ ನೀರನ್ನು ಅಂಬೇಡ್ಕರರೂ ಅವರ ಜೊತೆಗೆ ಬಂದ ಸಾವಿರಾರು ಜನರೂ ಬೊಗಸೆಯಲ್ಲಿ ಎತ್ತಿದಾಗ ಕೆರೆಗೇ ಬೆಂಕಿ ಬಿತ್ತು. ಹೊಡೆದಾಟವಾಯಿತು, ಮುಟ್ಟಿದ ನೀರನ್ನು ಸಗಣಿ ಗಂಜಲದಿಂದ ‘ಶುದ್ಧ’ ಮಾಡಿದರು. ಆ ಕೆರೆ ಎಲ್ಲರದು ಎಂದು ಬೊಂಬಾಯಿ ಹೈಕೋರ್ಟಿನಲ್ಲಿ ತೀರ್ಮಾನವಾಗಲು 1937ರವರೆಗೆ ಕಾಯಬೇಕಾಯಿತು. ಒಂದು ದೃಷ್ಟಾಂತ ನಿಜವಾಗಿ ದೃಷ್ಟಾಂತವಾಗಲು ಹತ್ತು ವರ್ಷ ಹಿಡಿಯಿತು.

ಹೀಗೆಂದು ನ್ಯಾಯಶಾಸ್ತ್ರವನ್ನು ಹಳಿದು ಕೈತೊಳೆದುಕೊಳ್ಳುವುದು ನಮ್ಮ ಕೆಲಸವಲ್ಲ. ಅದರಲ್ಲಿ ನಮಗೆ ಬೇಕಾದ್ದು ಬೇಕಾದಷ್ಟಿದೆ. ಆಪ್ತನ ಮಾತು ಪ್ರಮಾಣ ಎಂಬ ಸೂತ್ರಕ್ಕೆ ಭಾಷ್ಯ ಬರೆಯುತ್ತ ವಾತ್ಸ್ಯಾಯನ ಒಂದು ಮಾತು ಹೇಳುತ್ತಾನೆ: ಆಪ್ತನ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನ. ಕಂಡವನು, ಕಂಡದ್ದನ್ನು ಕಂಡಂತೆ ಹೇಳುವವನು ಯಾರಾದರೂ ಸರಿ, ಅವನ ಮಾತು ಪ್ರಮಾಣ. ಈ ಒಂದು ವಾಕ್ಯವನ್ನು ಜಾರಿಗೆ ತಂದಿದ್ದರೆ ಸಾಕಿತ್ತು. ನಮ್ಮವ್ವನ ಸಾಕ್ಷಿಗೆ ಪಂಚಾಯ್ತಿ ಕಟ್ಟೆಯಲ್ಲಿ ಬೆಲೆ ಬರುತ್ತಿತ್ತು. ಜಾರಿಗೆ ಬಂದದ್ದು ಬೇರೆ. ಹೇತುಶಾಸ್ತ್ರವನ್ನು ನೆಚ್ಚಿ ಶ್ರುತಿಸ್ಮೃತಿಗಳನ್ನು ಕಡೆಗಣಿಸುವ ದ್ವಿಜನನ್ನು ಸಜ್ಜನರು ಹೊರಗೆ ಹಾಕಬೇಕು ಎಂದು ಮನುಸ್ಮೃತಿಯ ಎರಡನೆಯ ಅಧ್ಯಾಯ ವಿಧಿಸಿತು. ದ್ವಿಜನಿಗೇ ಈ ಗತಿ. ಶೂದ್ರನ ವಿಚಾರ ಬಂದಾಗ ಬ್ರಹ್ಮಸೂತ್ರದ ಅಪಶೂದ್ರಾಧಿಕರಣ ಬಾಗಿಲನ್ನೇ ಹಾಕಿತು. ಶಂಕರ, ರಾಮಾನುಜ, ಮಧ್ವ — ಜಗತ್ತು ನಿಜವೋ ಅಲ್ಲವೋ ಎಂಬುದರಲ್ಲಿ ಒಂದಾಗದ ಈ ಮೂವರು ಶೂದ್ರನಿಗೆ ವೇದಾಧಿಕಾರವಿಲ್ಲ ಎಂಬುದರಲ್ಲಿ ಒಂದಾದರು. ಅಂತ್ಯಜನ ಪ್ರಶ್ನೆ ಅಲ್ಲಿ ಏಳಲೂ ಇಲ್ಲ.

ಸಭೆ, ಬಹುಮಾನ ಇವೂ ಹೊಸದಲ್ಲ. ಬೃಹದಾರಣ್ಯಕದಲ್ಲಿ ಜನಕ ಕೊಂಬಿಗೆ ಚಿನ್ನ ಕಟ್ಟಿದ ಸಾವಿರ ಹಸುಗಳನ್ನು ಪಣಕ್ಕಿಟ್ಟ. ಯಾಜ್ಞವಲ್ಕ್ಯ ವಾದ ಶುರುವಾಗುವ ಮೊದಲೇ ಹಸುಗಳನ್ನು ಹೊಡೆದುಕೊಂಡು ಹೋಗಲು ಶಿಷ್ಯನಿಗೆ ಹೇಳಿದ. ಗಾರ್ಗಿ ಬಿಡದೆ ಪ್ರಶ್ನೆ ಕೇಳುತ್ತ ಹೋದಾಗ, ಹೆಚ್ಚು ಕೇಳಬೇಡ, ತಲೆ ಉರುಳೀತು ಎಂದ. ಆಕೆ ಆಗ ಸುಮ್ಮನಾದಳು. ಮತ್ತೆ ಎದ್ದು ಕೇಳಿದಳು. ಸಂಸ್ಕೃತಿಯ ಭಾಷಣಗಳಲ್ಲಿ ಗಾರ್ಗಿಯ ಹೆಸರು ಬರುತ್ತದೆ, ಆ ಬೆದರಿಕೆ ಬರುವುದಿಲ್ಲ. ಅಮರ್ತ್ಯ ಸೇನರು 2005ರಲ್ಲಿ ಪ್ರಕಟಿಸಿದ ‘ದಿ ಆರ್ಗ್ಯುಮೆಂಟೇಟಿವ್ ಇಂಡಿಯನ್’ ಭಾರತೀಯರು ವಾದಪ್ರಿಯರು, ನಮ್ಮ ಪ್ರಜಾಪ್ರಭುತ್ವಕ್ಕೂ ಇದಕ್ಕೂ ನಂಟಿದೆ ಎಂದು ಹೇಳುತ್ತದೆ. ಕೋಮುವಾದಿಗಳ ಏಕಶಿಲೆಯ ಭಾರತವನ್ನು ಒಡೆಯಲು ಅದು ಒಳ್ಳೆಯ ಪುಸ್ತಕವೇ. ವಾದದ ಅವಕಾಶ ಎಲ್ಲರಿಗೂ ಒಂದೇ ಸಮ ಇರಲಿಲ್ಲ ಎಂಬ ಪ್ರಶ್ನೆಯನ್ನೂ ಅವರು ಎತ್ತುತ್ತಾರೆ. ಆದರೆ ನಮ್ಮ ಮಟ್ಟಿಗೆ ಅದು ನಡುವೆ ಎತ್ತಿ ಮುಂದೆ ಸಾಗುವ ಪ್ರಶ್ನೆಯಲ್ಲ, ಮೊದಲನೆಯ ಪುಟದ ಪ್ರಶ್ನೆ. ಮಾತಾಡಿದವರ ಪರಂಪರೆಯನ್ನು ಬರೆಯುವುದು ಸುಲಭ, ಯಾಕೆಂದರೆ ಅವರ ಮಾತು ಉಳಿದಿದೆ. ಬಾಯಿ ಮುಚ್ಚಿಸಿದ ಪರಂಪರೆಯೂ ಅಷ್ಟೇ ಉದ್ದವಾಗಿದೆ.

ಈ ಎರಡರ ನಡುವೆ ನಮ್ಮವರೆಂದು ಹೇಳಬಹುದಾದ ತಾರ್ಕಿಕರೂ ಇದ್ದರು. ಏಳನೆಯ ಶತಮಾನದ ಬೌದ್ಧ ತಾರ್ಕಿಕ ಧರ್ಮಕೀರ್ತಿ ‘ಪ್ರಮಾಣವಾರ್ತಿಕ’ದ ಸ್ವಾರ್ಥಾನುಮಾನ ಭಾಗದ ಕೊನೆಯಲ್ಲಿ ಮಂದಬುದ್ಧಿಗೆ ಐದು ಗುರುತುಗಳನ್ನು ಎಣಿಸುತ್ತಾನೆ: ವೇದ ಪ್ರಮಾಣವೆಂದು ನಂಬುವುದು, ಯಾರೋ ಒಬ್ಬ ಕರ್ತಾರನಿದ್ದಾನೆ ಎನ್ನುವುದು, ಸ್ನಾನದಿಂದ ಪುಣ್ಯ ಬಯಸುವುದು, ಜಾತಿಯ ಸೊಕ್ಕು, ಪಾಪ ಕಳೆಯಲು ಮೈ ದಂಡಿಸುವುದು. ಜಾತಿಯ ಸೊಕ್ಕನ್ನು ಆತ ಬರಿಯ ಅನೀತಿ ಎಂದು ಬಿಡಲಿಲ್ಲ. ಬುದ್ಧಿಯ ದೋಷಗಳ ಪಟ್ಟಿಗೆ ಸೇರಿಸಿದ. ಇದು ನೀತಿಬೋಧೆಗಿಂತ ಹರಿತವಾದ ಏಟು. ಆತನ ‘ವಾದನ್ಯಾಯ’ದ ಸಂಸ್ಕೃತ ಮೂಲ ಈ ನೆಲದಲ್ಲಿ ಉಳಿಯಲಿಲ್ಲ. 1930ರ ದಶಕದಲ್ಲಿ ರಾಹುಲ ಸಾಂಕೃತ್ಯಾಯನರು ಟಿಬೆಟ್ಟಿನ ಮಠಗಳನ್ನು ಹುಡುಕಿ ಇಂಥ ಹಸ್ತಪ್ರತಿಗಳನ್ನು ಹೊರತಂದರು. ಇತ್ತ ನಮ್ಮ ಕನ್ನಡದಲ್ಲಿ, ಹುಟ್ಟಿನಿಂದ ಹೊಲೆಯನಾದ ಉರಿಲಿಂಗಪೆದ್ದಿಯ ವಚನಗಳನ್ನು ತೆಗೆದು ನೋಡಿ. ಸಾಲುಸಾಲಿಗೆ ಸಂಸ್ಕೃತದ ಶ್ರುತಿವಾಕ್ಯಗಳು. ಕವಿತೆಯ ದೃಷ್ಟಿಯಿಂದ ಭಾರ ಎಂದು ವಿಮರ್ಶಕರು ಹೇಳಬಹುದು. ಆದರೆ ಅದು ಕವಿತೆಗೆ ಹಾಕಿದ ಒಡವೆಯಲ್ಲ ಕಣ್ರೀ, ಎದುರಾಳಿಯ ಕತ್ತಿಯನ್ನು ಕಿತ್ತುಕೊಂಡು ಅವನ ಮುಂದೆಯೇ ತಿರುಗಿಸಿದ್ದು. ಯಾರ ಕಿವಿಗೆ ಬೀಳಕೂಡದೆಂದು ವಿಧಿಸಿದ್ದರೋ ಅವನ ನಾಲಗೆಯ ಮೇಲೆ ಅದು ಬಂದು ಕೂತಿತು.

ಈಗ ಹೊರಗಿನ ಸಭೆಗಳ ಕಡೆ ಬರೋಣ. 1958ರಲ್ಲಿ ಎರಡು ಪುಸ್ತಕಗಳು ಬಂದವು: ಇಂಗ್ಲೆಂಡಿನಲ್ಲಿ ಸ್ಟೀಫನ್ ಟೂಲ್ಮಿನ್‌ನ ‘ದಿ ಯೂಸಸ್ ಆಫ್ ಆರ್ಗ್ಯುಮೆಂಟ್’, ಫ್ರೆಂಚಿನಲ್ಲಿ ಪೆರೆಲ್ಮನ್ ಮತ್ತು ಓಲ್ಬ್ರೆಕ್ಟ್ಸ್-ಟಿಟೆಕಾ ಬರೆದ ಹೊಸ ವಾಗ್ಮಿತೆಯ ಗ್ರಂಥ. ವಾದವನ್ನು ಗಣಿತದಂತೆ ನೋಡಿದರೆ ಸಾಲದು, ಮನುಷ್ಯರು ಕೋರ್ಟಿನಲ್ಲಿ, ಸಭೆಯಲ್ಲಿ, ಬೀದಿಯಲ್ಲಿ ಹೇಗೆ ವಾದಿಸುತ್ತಾರೋ ಹಾಗೆ ನೋಡಬೇಕು ಎಂಬ ದಾರಿ ಅಲ್ಲಿಂದ ತೆರೆಯಿತು. ಕೆನಡಾದ ವಿಂಡ್ಸರ್‌ನಲ್ಲಿ 1978ರಲ್ಲಿ ಅನೌಪಚಾರಿಕ ತರ್ಕದ ಮೊದಲ ಅಂತರರಾಷ್ಟ್ರೀಯ ಗೋಷ್ಠಿ ನಡೆಯಿತು. ಆಮ್‌ಸ್ಟರ್‌ಡ್ಯಾಮಿನಲ್ಲಿ 1986ರಿಂದ 2018ರವರೆಗೆ ನಾಲ್ಕು ವರ್ಷಕ್ಕೊಮ್ಮೆ ವಾದಾಧ್ಯಯನದ ಅಂತರರಾಷ್ಟ್ರೀಯ ಸಮ್ಮೇಳನ ಸೇರಿತು. ಯುರೋಪಿನವರ ಇನ್ನೊಂದು ಸಮ್ಮೇಳನ 2015ರಲ್ಲಿ ಲಿಸ್ಬನ್ನಿನಲ್ಲಿ ಶುರುವಾಯಿತು. ನಮ್ಮ ದೇಶದಲ್ಲೂ ತರ್ಕಶಾಸ್ತ್ರದ ಸಂಘವಿದೆ, ಅದರ ಸಮ್ಮೇಳನಗಳು ನಡೆಯುತ್ತವೆ. ಅಲ್ಲಿ ಹೆಚ್ಚಿನ ಭಾಗ ಗಣಿತದ, ಕಂಪ್ಯೂಟರಿನ ತರ್ಕ.

ಇವರಿಂದ ನಮಗೆ ಏನು ಸಿಗುತ್ತದೆ? ಟೂಲ್ಮಿನ್ ಹೇಳುವ ‘ವಾರಂಟ್’ ಎಂಬುದನ್ನೇ ತೆಗೆದುಕೊಳ್ಳಿ. ನಮ್ಮ ಕೇರಿಯಲ್ಲಿ ವಾರಂಟು ಎಂದರೆ ಪೊಲೀಸಿನವನು ತರುವ ಕಾಗದ. ಟೂಲ್ಮಿನ್‌ನಲ್ಲಿ ಅದು ಆಧಾರದಿಂದ ತೀರ್ಮಾನಕ್ಕೆ ಹಾರಲು ಕೊಡುವ ಪರವಾನಗಿ. “ಇವನು ಕೇರಿಯಲ್ಲಿ ಹುಟ್ಟಿದವನು” ಎಂಬುದು ಆಧಾರ. “ಆದ್ದರಿಂದ ಗುಡಿಗೆ ಬರಬಾರದು” ಎಂಬುದು ತೀರ್ಮಾನ. ನಡುವಿನ ವಾರಂಟು ಎಲ್ಲಿ? ಕೇಳಿ ನೋಡಿ: “ಹಿಂದಿನಿಂದ ನಡ್ಕೊಂಡ್ ಬಂದದ್ದು.” ಹಿಂದಿನಿಂದ ಬಂದದ್ದೆಲ್ಲ ಮುಂದೂ ನಡೆಯಬೇಕೆನ್ನಲು ಬೆಂಬಲವೇನು? ಇಲ್ಲಿಗೆ ಬಂದಾಗ ಮಾತು ನಿಲ್ಲುತ್ತದೆ, ಕೈ ಏಳುತ್ತದೆ. ಹಳ್ಳಿಯ ಮೇಷ್ಟ್ರುಗಳು ಈ ಮೂರು ಹೆಜ್ಜೆಯನ್ನು ಏಳನೇ ಕ್ಲಾಸಿನ ಹುಡುಗರಿಗೆ ಹಲಗೆಯ ಮೇಲೆ ಬರೆದು ತೋರಿಸಬಹುದು. ಎಲ್ಲಿ ವಾರಂಟಿಲ್ಲವೋ ಅಲ್ಲಿ ಬರೀ ದಬ್ಬಾಳಿಕೆಯಿದೆ ಎಂದು ಅವರೇ ಕಂಡುಕೊಳ್ಳುತ್ತಾರೆ.

ಆಮ್‌ಸ್ಟರ್‌ಡ್ಯಾಮಿನ ವಾನ್ ಈಮೆರೆನ್ ಮತ್ತು ಗ್ರೋಟೆನ್‌ಡೋರ್ಸ್ಟ್ 1984ರಿಂದ ಕಟ್ಟುತ್ತ ಬಂದ ಸಿದ್ಧಾಂತದಲ್ಲಿ ನ್ಯಾಯವಾದ ಚರ್ಚೆಗೆ ಹತ್ತು ಕಟ್ಟಳೆಗಳಿವೆ. ಮೊದಲನೆಯದು: ನಿಲುವನ್ನು ಮಂಡಿಸುವುದನ್ನಾಗಲಿ ಪ್ರಶ್ನಿಸುವುದನ್ನಾಗಲಿ ಯಾರೂ ತಡೆಯಕೂಡದು. ಎರಡನೆಯದು: ನಿಲುವು ಮಂಡಿಸಿದವನು, ಕೇಳಿದಾಗ ಅದನ್ನು ಸಮರ್ಥಿಸಬೇಕು. ಈ ಎರಡು ಕಟ್ಟಳೆಗಳನ್ನು ಹಿಡಿದು 1973ರ ನವೆಂಬರ್ ತಿಂಗಳ ಮೈಸೂರನ್ನು ನೋಡಿ. ಮಂತ್ರಿಯಾಗಿದ್ದ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದರು. ಅದೊಂದು ನಿಲುವು. ಎಷ್ಟು ಪುಸ್ತಕ ನೋಡಿ ಹೇಳಿದಿರಿ, ಯಾವುದನ್ನು ಬಿಟ್ಟು ಹೇಳಿದಿರಿ ಎಂದು ಕೇಳುವ ಹಕ್ಕು ಎಲ್ಲರಿಗೂ ಇತ್ತು. ಉತ್ತರ ಕೊಡುವ ಹೊಣೆ ಅವರಿಗೂ ಇತ್ತು. ಆ ಪ್ರಶ್ನೆ ಎಷ್ಟು ಜನ ಕೇಳಿದರು? ಕಲ್ಲುಗಳು ಕೇಳಿದವು. ದಲಿತ ವಿದ್ಯಾರ್ಥಿಗಳು ಏಟು ತಿಂದರು, ಮಂತ್ರಿಗಿರಿ ಹೋಯಿತು. ಮೊದಲನೆಯ ಕಟ್ಟಳೆಯೇ ಮುರಿದ ಮೇಲೆ ಎರಡನೆಯದಕ್ಕೆ ಜಾಗವೆಲ್ಲಿ? 1979ರಲ್ಲಿ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೊಂದು ಗೋಷ್ಠಿ ಕೇಳಿದಾಗಲೂ ಅದು ಸಿಗಲಿಲ್ಲ. ಅದೇ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಬಂಡಾಯದವರು ತಮ್ಮದೇ ಸಮ್ಮೇಳನ ಕೂಡಿಸಿದರು. ಗೋಷ್ಠಿ ಕೊಡದವರಿಗೆ ನಮ್ಮವರು ಕೊಟ್ಟ ಎದುರುತ್ತರ ಅದು.

ಆದರೆ ಆ ಹತ್ತು ಕಟ್ಟಳೆಗಳಲ್ಲೂ ನಮಗೊಂದು ಕೊರತೆ ಕಾಣುತ್ತದೆ. ಇಬ್ಬರು ಎದುರುಬದುರು ಕೂತ ಮೇಲಿನ ಕಟ್ಟಳೆಗಳು ಅವು. ಕೂರಲು ಚಾಪೆ ಯಾರು ಹಾಕುತ್ತಾರೆ? ಒಬ್ಬನು ಜಗಲಿಯ ಮೇಲೆ, ಇನ್ನೊಬ್ಬನು ಅಂಗಳದಲ್ಲಿ ಕೈಕಟ್ಟಿ ನಿಂತಿದ್ದರೆ? ಕೈಕಟ್ಟಿಸಿದ ಸಮಾಜವನ್ನು ದಾಟಿಯೇ ಕಟ್ಟಳೆಗೆ ಬರಬೇಕು. ಆ ಸಿದ್ಧಾಂತಿಗಳಿಗೆ ಇದು ಗೊತ್ತಿಲ್ಲವೆಂದಲ್ಲ. ಅವರು ಅದನ್ನು ಚರ್ಚೆಗೆ ಬೇಕಾದ ಹೊರಗಿನ ಷರತ್ತು ಎಂದು ಬೇರೆ ಇಡುತ್ತಾರೆ. ನಮ್ಮ ಬದುಕೆಲ್ಲ ಆ ಹೊರಗಿನ ಷರತ್ತಿನಲ್ಲೇ ಕಳೆದಿದೆ.

ನಾವು ಓದುವಾಗ ಒಂದು ವಿಚಾರ ಸಂಕಿರಣದಲ್ಲಿ ಮೀಸಲಾತಿಯ ಬಗ್ಗೆ ಎದ್ದು ಮಾತಾಡಿದೆವು. ವೇದಿಕೆಯ ಹಿರಿಯರೊಬ್ಬರು ನಗುತ್ತಲೇ ಅಂದರು: “ಎಮೋಷನಲ್ ಆಗ್ಬೇಡಿ, ಸ್ವಲ್ಪ ಲಾಜಿಕಲ್ ಆಗಿ ಮಾತಾಡಿ.” ಸಭೆಯೂ ನಕ್ಕಿತು. ನಾವು ಕೂತೆವು. ಮನೆಗೆ ಬರುವ ಬಸ್ಸಿನಲ್ಲಿ ಹೊಳೆಯಿತು, ಅವರು ನಮ್ಮ ಹೇತುವನ್ನು ಮುಟ್ಟಲೇ ಇಲ್ಲ, ನಮ್ಮ ದನಿಯನ್ನು ಮಾತ್ರ ಮುಟ್ಟಿದರು. ಊರಿನ ‘ಎದುರುತ್ತರ ಕೊಡ್ತೀಯಾ’ ಪಟ್ಟಣಕ್ಕೆ ಬಂದು ಇಂಗ್ಲಿಷ್ ಕಲಿತಿತ್ತು, ಅಷ್ಟೆ. ಇಂಥದಕ್ಕೆ ಇನ್ನೊಂದು ಹೆಸರು ‘ವಿತಂಡವಾದ’. ನಾವು ಪ್ರಶ್ನೆ ಕೇಳಿದರೆ ಅದು ವಿತಂಡ. ನ್ಯಾಯಸೂತ್ರದಲ್ಲಿ ವಾದ, ಜಲ್ಪ, ವಿತಂಡ ಎಂದು ಮೂರು ಬಗೆ: ತತ್ವ ತಿಳಿಯಲು ವಾದ, ಗೆಲ್ಲಲು ಜಲ್ಪ, ತನ್ನ ಪಕ್ಷವನ್ನು ನಿಲ್ಲಿಸದೆ ಎದುರಿನವನದನ್ನು ಕೆಡವುವುದು ವಿತಂಡ. ಆದರೆ ಮೇಲು ಎಂದು ಹೇಳಿಕೊಂಡವನು ಅವನು. ರುಜುವಾತಿನ ಹೊರೆಯೂ ಅವನದೇ. ‘ನೀನು ಮೇಲಲ್ಲ’ ಎನ್ನಲು ನಾವು ಇನ್ನೊಂದು ಮೇಲನ್ನು ಕಟ್ಟಬೇಕಾಗಿಲ್ಲ. ತನಗೆ ಪ್ರತಿಜ್ಞೆಯೇ ಇಲ್ಲ ಎಂದು ನಾಗಾರ್ಜುನ ಹೇಳಿದ್ದು ನೆನಪಿರಲಿ. ಕೆಡವಬೇಕಾದ್ದು ಎದುರಿಗಿರುವಾಗ ಕೆಡವುವುದೂ ಒಂದು ಜವಾಬ್ದಾರಿಯ ಕೆಲಸ.

ಹಾಗಾದರೆ ವಾದ ಎಂಬ ಹೆಸರಿಗೆ ತಕ್ಕ ವಾದದ ಮಾದರಿ ನಮಗೆಲ್ಲಿದೆ? 1916ರ ಮೇ 9ರಂದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ, ಗೋಲ್ಡನ್‌ವೈಸರ್ ನಡೆಸುತ್ತಿದ್ದ ಮಾನವಶಾಸ್ತ್ರದ ಸೆಮಿನಾರಿನಲ್ಲಿ, ಇಪ್ಪತ್ತೈದು ವರ್ಷದ ಒಬ್ಬ ಹುಡುಗ ಪ್ರಬಂಧ ಓದಿದ. ಬರೋಡದ ವಿದ್ಯಾರ್ಥಿವೇತನದಲ್ಲಿ ಹೋದವನು. ಶಾಲೆಯಲ್ಲಿ ಸಂಸ್ಕೃತ ಓದಲು ಬಿಡದೆ ಪರ್ಷಿಯನ್ ಹಿಡಿಯುವಂತೆ ಮಾಡಿದ್ದರು. ಪ್ರಬಂಧದ ವಿಷಯ: ಭಾರತದಲ್ಲಿ ಜಾತಿಗಳು, ಅವುಗಳ ಯಾಂತ್ರಿಕತೆ, ಹುಟ್ಟು, ಬೆಳವಣಿಗೆ. ಅದರ ಕಟ್ಟಡವನ್ನು ನೋಡಿ. ಸೆನಾರ್, ನೆಸ್‌ಫೀಲ್ಡ್, ರಿಸ್ಲೆ, ಕೇತ್ಕರ್ — ನಾಲ್ವರ ಲಕ್ಷಣಗಳನ್ನೂ ಮೊದಲು ಅವರದೇ ಮಾತಿನಲ್ಲಿ ಮುಂದಿಡುತ್ತಾರೆ. ಒಂದೊಂದನ್ನೂ ಪರೀಕ್ಷಿಸುತ್ತಾರೆ. ಒಳಮದುವೆಯೇ ಜಾತಿಯ ಜೀವ ಎಂಬ ತಮ್ಮ ಪ್ರತಿಜ್ಞೆಗೆ ಬರುತ್ತಾರೆ. ಗುಂಪಿನೊಳಗೇ ಮದುವೆ ಎಂದು ಕಟ್ಟಿದರೆ ಗಂಡ ಸತ್ತ ಹೆಣ್ಣು, ಹೆಂಡತಿ ಸತ್ತ ಗಂಡು ‘ಹೆಚ್ಚುವರಿ’ಯಾಗುತ್ತಾರೆ, ಆ ಲೆಕ್ಕವನ್ನು ಸರಿದೂಗಿಸಲು ಸತಿ, ಬಲವಂತದ ವೈಧವ್ಯ, ಬಾಲ್ಯವಿವಾಹ ಬಂದವು ಎಂದು ಹೇತು ಕೊಡುತ್ತಾರೆ. ಕೊನೆಗೆ, ತಮ್ಮ ಸಿದ್ಧಾಂತ ನಿಲ್ಲದೆಂದು ಯಾರಾದರೂ ತೋರಿಸಿದರೆ ಬಿಟ್ಟುಕೊಡಲು ಸಿದ್ಧ ಎನ್ನುತ್ತಾರೆ. ಜಲ್ಪದವನು ಈ ಮಾತು ಹೇಳುವುದಿಲ್ಲ. ಇದು ವಾದ.

ಇಪ್ಪತ್ತು ವರ್ಷದ ಮೇಲೆ, 1936ರಲ್ಲಿ, ಲಾಹೋರಿನ ಜಾತ್-ಪಾತ್-ತೋಡಕ್ ಮಂಡಲ ಅವರನ್ನು ಅಧ್ಯಕ್ಷತೆಗೆ ಕರೆದು, ಭಾಷಣ ನೋಡಿ ಹೆದರಿ, ತಿದ್ದಿ ಎಂದಿತು. ಒಪ್ಪಲಿಲ್ಲ, ಸಮ್ಮೇಳನವೇ ನಿಂತುಹೋಯಿತು. ಸಭೆ ಕೈಕೊಟ್ಟಾಗ ಅವರು ತಮ್ಮದೇ ಖರ್ಚಿನಲ್ಲಿ ಅದನ್ನು ಅಚ್ಚುಹಾಕಿಸಿದರು. ಗಾಂಧಿ ‘ಹರಿಜನ’ದಲ್ಲಿ ಆಕ್ಷೇಪ ಬರೆದರು. 1937ರ ಎರಡನೆಯ ಮುದ್ರಣದಲ್ಲಿ ಅಂಬೇಡ್ಕರರು ಗಾಂಧಿಯ ಲೇಖನಗಳನ್ನು ಸೇರಿಸಿ, ತಮ್ಮ ಉತ್ತರವನ್ನೂ ಸೇರಿಸಿ ಪ್ರಕಟಿಸಿದರು. ಎದುರಾಳಿಯ ಮಾತಿಗೆ ತನ್ನ ಪುಸ್ತಕದಲ್ಲಿ ಜಾಗ ಕೊಡುವ ಧೈರ್ಯ ಯಾರಿಗಿರುತ್ತದೆ? ತನ್ನ ಹೇತುವಿನ ಮೇಲೆ ನಂಬಿಕೆಯಿದ್ದವನಿಗೆ.

ಈಗ ಇವತ್ತಿನ ಮಾತು. ಆ ಇಪ್ಪತ್ತೈದರ ಹುಡುಗ ಇವತ್ತು ನಮ್ಮ ಹಾಸ್ಟೆಲಿನಲ್ಲಿದ್ದಾನೆ ಎಂದುಕೊಳ್ಳಿ. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳನ್ನು ಹೊರದೇಶಕ್ಕೆ ಕಳಿಸಲು ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವಿದೆ. 2022ರ ಫೆಬ್ರವರಿಯಲ್ಲಿ ಅದರ ನಿಯಮ ಬದಲಾಯಿತು: ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಭಾರತದ ಸಮಾಜ ಕುರಿತ ಸಂಶೋಧನೆಗೆ ಈ ವೇತನ ಸಿಗದು. ಅವನ್ನು ಇಲ್ಲಿಯೇ ಓದಬಹುದಲ್ಲ ಎಂಬುದು ಸರ್ಕಾರದ ಸಮಜಾಯಿಷಿ. ಆ ಹೇತುವನ್ನು ಪರೀಕ್ಷಿಸೋಣ. 1916ರ ಆ ಪ್ರಬಂಧದ ವಿಷಯವೇ ಭಾರತದ ಜಾತಿ. ಈ ನಿಯಮ ಅಂದು ಇದ್ದಿದ್ದರೆ ಅದಕ್ಕೆ ಹಣವಿಲ್ಲ. ಧರ್ಮಕೀರ್ತಿಯನ್ನು ಹೊರದೇಶದ ವಿಶ್ವವಿದ್ಯಾಲಯದಲ್ಲಿ ಓದುತ್ತೇನೆ ಎಂದರೆ, ಅದೂ ಭಾರತೀಯ ಪರಂಪರೆ, ಹಣವಿಲ್ಲ. ತಾರ್ಕಿಕನ ಪುಸ್ತಕ ಗಡಿ ದಾಟಿ ಹೋಗಿ ಉಳಿಯಿತು. ಅದನ್ನು ಓದಲು ನಮ್ಮ ಹುಡುಗ ಗಡಿ ದಾಟಕೂಡದು. ಇಲ್ಲಿ ಓದಬಹುದಾದ್ದನ್ನು ಅಲ್ಲಿ ಓದಬೇಕಿಲ್ಲ ಎಂಬ ವಾರಂಟು ನಿಜವಾದರೆ ಅದು ಕಾಸಿರುವವರ ಮಕ್ಕಳಿಗೂ ಅನ್ವಯಿಸಬೇಕಲ್ಲ? ಅವರು ಅಪ್ಪನ ದುಡ್ಡಿನಲ್ಲಿ ಹೋಗಿ, ನಮ್ಮ ಸಮಾಜವನ್ನೇ ಅಲ್ಲಿ ಓದಿ, ವಾಪಸ್ಸು ಬಂದು ನಮಗೇ ಪಾಠ ಹೇಳುತ್ತಾರೆ. ನಮ್ಮ ಬಗ್ಗೆ ಹೊರಗಿನ ಸಭೆಯಲ್ಲಿ ನಾವೇ ಮಾತಾಡುವುದನ್ನು ಈ ನಿಯಮ ತಡೆಯುತ್ತದೆ. ಆಮ್‌ಸ್ಟರ್‌ಡ್ಯಾಮಿನ ಮೊದಲನೆಯ ಕಟ್ಟಳೆಯನ್ನು ಇಷ್ಟು ಮರ್ಯಾದೆಯಾಗಿ ಯಾರೂ ಮುರಿದಿರಲಿಕ್ಕಿಲ್ಲ.

ಕಾಯುತ್ತ ಕೂರುವುದೇ? ಬೇಡ. ನಮ್ಮ ಪಿಯುಸಿಯಲ್ಲಿ ತರ್ಕಶಾಸ್ತ್ರ ಒಂದು ಐಚ್ಛಿಕ ವಿಷಯ. ನಂಬರು ಬರುತ್ತದೆ ಎಂದು ತೆಗೆದುಕೊಂಡು, ಸಾಕ್ರೆಟಿಸ್ ಮನುಷ್ಯ, ಸಾಕ್ರೆಟಿಸ್ ಮರ್ತ್ಯ ಎಂದು ಉರುಹೊಡೆದು ಬಿಡುತ್ತೇವೆ. ಅದನ್ನು ಕಲಿಸುವ ಮೇಷ್ಟ್ರುಗಳು ಸಾಕ್ರೆಟಿಸನನ್ನು ಒಂದು ದಿನ ಬಿಟ್ಟು ಊರಿನ ಬಾವಿಯನ್ನು ತರಗತಿಗೆ ತರಲಿ. ವಿಂಡ್ಸರ್‌ನ ‘ಇನ್‌ಫಾರ್ಮಲ್ ಲಾಜಿಕ್’ ಪತ್ರಿಕೆ ಕಾಸಿಲ್ಲದೆ ಓದಲು ಸಿಗುತ್ತದೆ. ಇಂಗ್ಲಿಷ್ ಬಲ್ಲವರು ಓದಿ, ತಿಂಗಳಿಗೊಂದು ಲೇಖನವನ್ನು ಆಡುಮಾತಿನಲ್ಲಿ ಉಳಿದವರಿಗೆ ಹೇಳಲಿ. ಇನ್ನು ನಮ್ಮ ಸಂಘಟನೆಗಳ ಬಗ್ಗೆಯೂ ಒಂದು ಮಾತು. ಒಬ್ಬ ಸಂಗಾತಿ ಭಿನ್ನವಾಗಿ ಮಾತಾಡಿದರೆ ಅವನಿಗೆ ಯಾರದೋ ಏಜೆಂಟ್ ಎಂಬ ಪಟ್ಟ, ಒಬ್ಬ ಸಂಗಾತಿ ಹೆಣ್ಣುಮಗಳು ಎದ್ದರೆ “ನಿಂಗ್ ಗೊತ್ತಾಗಲ್ಲ, ಸುಮ್ಕಿರಮ್ಮ.” ಯಾಜ್ಞವಲ್ಕ್ಯ ಕೇರಿಗೂ ಬಂದಿದ್ದಾನೆ. ನಾವು ಎಷ್ಟು ಹೋಳಾದೆವು ಎಂದು ಕಣ್ಣೀರು ಹಾಕುವವರು, ಎಷ್ಟು ಜಗಳ ವಾದವಾಗದೆ ಜಲ್ಪವಾಗಿ ಕೊಳೆಯಿತು ಎಂದೂ ಎಣಿಸಲಿ.

ಕೇರಿಯ ಕಟ್ಟೆಯ ಮೇಲೆ ವಾರಕ್ಕೊಂದು ಸಂಜೆ ಕೂರೋಣ. ಯಾರು ಬೇಕಾದರೂ ಪ್ರತಿಜ್ಞೆ ಹೇಳಲಿ, ಹೇತು ಕೊಡಲಿ. ದೃಷ್ಟಾಂತ ಮಾತ್ರ ಎಲ್ಲರೂ ಕಂಡದ್ದಾಗಿರಲಿ: ನಮ್ಮದೇ ಅಡುಗೆಮನೆಯ ಹೊಗೆ, ನಮ್ಮದೇ ಕೆರೆಯ ನೀರು. ಚಿಕ್ಕ ಹುಡುಗಿಯೊಬ್ಬಳು ಎದ್ದು ದೊಡ್ಡವರ ಮಾತನ್ನು ತಪ್ಪು ಎಂದರೆ, ಆ ಸಂಜೆ ಯಾರೂ “ಎದುರುತ್ತರ ಕೊಡ್ತೀಯಾ” ಎನ್ನದಿರಲಿ. “ಯಾಕವ್ವಾ, ಹೇಳು” ಎಂದು ಕೇಳೋಣ.